ಬಿಸಿ ಆರದ ಚಾಪೆ

ಯಾವ ಮನೆ ತೋರಿಸಿದರೂ ಚನಿಯ ಮೊದಲು ನೋಡುವುದು ನೆಲವನ್ನು. ಕಿಟಕಿ ಎಷ್ಟು, ನೀರು ಎಷ್ಟು ಹೊತ್ತಿಗೆ, ಬಾಡಿಗೆ ಎಷ್ಟು ಎಂಬುದೆಲ್ಲ ಆಮೇಲೆ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಗೋಡೆಗೆ ಬೆನ್ನು ಹಚ್ಚಿ ನಿಂತು ಕಣ್ಣಲ್ಲೇ ಚಾಪೆ ಹಾಸುತ್ತಾ ಹೋಗುತ್ತಾನೆ. "ಇದು ಆರು ಚಾಪೆ" ಎನ್ನುತ್ತಾನೆ. ಇಲ್ಲವೇ, "ಒಂಬತ್ತು, ಬಾಗಿಲು ಹೊರಗೆ ತೆರೆಯುವುದಾದ್ರೆ." ಚದರ ಅಡಿಯ ಲೆಕ್ಕ ಅವನ ತಲೆಗೆ ಇಳಿದಿಲ್ಲ. ಅರವತ್ತಾರರ ಈ ಮನುಷ್ಯನಿಗೆ ಮುಂಬಯಿ ಕಲಿಸಿದ ಅಳತೆ ಚಾಪೆಯದು. ಕಳೆದ ಸೆಪ್ಟೆಂಬರಿನಲ್ಲಿ ಮೊಮ್ಮಗಳಿಗೆ ನವಿಮುಂಬಯಿಯ ಖಾರಘರದಲ್ಲಿ ಸಿಕ್ಕೇಬಿಟ್ಟಿದ್ದ ಮನೆ ಕೈತಪ್ಪಿದ್ದೂ ಇದೇ ಅಳತೆಯಿಂದ.

ಬೆಳ್ತಂಗಡಿ ಕಡೆಯ ಚನಿಯ ಊರು ಬಿಟ್ಟು ಬಂದದ್ದು ಎಪ್ಪತ್ತಾರರಲ್ಲಿ. ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ರುಬ್ಬುವ ಕೆಲಸ. ರಾತ್ರಿಯಿಡೀ ಅಕ್ಕಿ, ಉದ್ದು. ಬೆಳಗಿನ ಮೊದಲ ಲೋಕಲ್ ಹಿಡಿದು ಡೊಂಬಿವಲಿಯ ರೂಮು. ನಾನೂ ಅದೇ ರೂಮಿನವನು. ಯೂನಿಯನ್ನಿನ ಚಂದಾ ಪುಸ್ತಕ ಹಿಡಿದು ಹಗಲಿಡೀ ಹೋಟೆಲಿಂದ ಹೋಟೆಲಿಗೆ ತಿರುಗಿ, ಮಾಲಕರ ಬೈಗುಳ ತಿಂದು, ಅಲ್ಲಿಗೇ ಬಂದು ಬೀಳುತ್ತಿದ್ದೆ.

ಸ್ಟೇಷನ್ನಿನ ಪೂರ್ವಕ್ಕೆ ಒಂದು ಚಾಳು, ಅದರ ಮೊದಲ ಮಾಳಿಗೆ. ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದ. ಈ ಗೋಡೆಗೆ ತಲೆಯಿಟ್ಟು ಆರು ಚಾಪೆ, ಆ ಗೋಡೆಗೆ ತಲೆಯಿಟ್ಟು ಐದು. ಹನ್ನೆರಡನೆಯದರ ಜಾಗದಲ್ಲಿ ಸ್ನಾನದ ಮೋರಿ. ಚಾಪೆ ಹನ್ನೊಂದು, ಜನ ಇಪ್ಪತ್ತೆರಡು. ಹಗಲು ಪಾಳಿಯವನು ಎದ್ದ ಚಾಪೆಯಲ್ಲಿ ರಾತ್ರಿ ಪಾಳಿಯವನು ಮಲಗಬೇಕು. ಚನಿಯ ಬರುವಾಗ ಸಪ್ಲಾಯರುಗಳು ಏಳುತ್ತಿದ್ದರು. ಚಾಪೆಯ ಬಿಸಿ ಇನ್ನೂ ಆರಿರುತ್ತಿರಲಿಲ್ಲ. ಚಳಿಗಾಲದಲ್ಲಿ ಆ ಬಿಸಿ ಹಿತ. ಮೇ ತಿಂಗಳಲ್ಲಿ ಚಾಪೆ ಮಗುಚಿದರೂ ಬೆನ್ನಿಗೆ ಅಂಟುತ್ತಿತ್ತು. ಇನ್ನೊಬ್ಬನ ಬೆವರಿನಲ್ಲಿ ಮೂಗು ಹುದುಗಿಸಿ ಮಲಗುವುದೆಂದರೆ ಏನೆಂದು ಮಲಗಿದವರಿಗೇ ಗೊತ್ತು. ಈಗ ನೆನೆಸಿಕೊಂಡರೆ ಹಿತದ್ದು ಮಾತ್ರ ನೆನಪಾಗುತ್ತದೆ. ವಯಸ್ಸಾದ ಮೇಲೆ ನೆನಪೂ ಸುಳ್ಳು ಹೇಳಲು ಕಲಿಯುತ್ತದೆ.

ಆ ರೂಮಿಗೆ ಒಂದು ನಿಯಮವಿತ್ತು, ಯಾರು ಮಾಡಿದ್ದೋ ಗೊತ್ತಿಲ್ಲ. ಇದ್ದದ್ದು ಒಂದೇ ಬಲ್ಬು. ಅದರ ಕೆಳಗಿನ ಚಾಪೆ ಪರೀಕ್ಷೆ ಇದ್ದವನದು. ಕನ್ನಡ ರಾತ್ರಿ ಶಾಲೆಗೆ ಹೋಗಿ ಹತ್ತನೆಯದಕ್ಕೆ ಕಟ್ಟುವವನಿದ್ದರೆ ಮೂರು ತಿಂಗಳು ಆ ಜಾಗ ಅವನಿಗೆ ಬಿಟ್ಟದ್ದು. ಅವನು ಓದಿ ಮುಗಿಸುವ ತನಕ ಉಳಿದವರು ಬೆಳಕಿಗೆ ಬೆನ್ನು ಮಾಡಿ ಮಲಗಬೇಕು, ತಕರಾರು ಎತ್ತುವಂತಿಲ್ಲ. ಹನ್ನೊಂದು ವರ್ಷದಲ್ಲಿ ಎಂಟು ಮಂದಿ ಅಲ್ಲಿ ಕೂತು ಪಾಸಾದರು. ಚನಿಯನಿಗೆ ಆ ಜಾಗ ಒಂದು ದಿನವೂ ಸಿಗಲಿಲ್ಲ. ಶಾಲೆ ರಾತ್ರಿ, ರುಬ್ಬುವುದೂ ರಾತ್ರಿ.

ಅವನ ಚಾಪೆಗೆ ಹಗಲು ಪಾಳಿಯ ಪಾಲುದಾರ ಕುಶಲ. ಹತ್ತೊಂಬತ್ತರ ಪ್ರಾಯ, ಹೊಸದಾಗಿ ಬಂದವನು, ಸಪ್ಲಾಯರ್. ಊರಿನಲ್ಲಿ ಚನಿಯ ಎಂಬ ಹೆಸರು ಹೇಳಿದರೆ ಜಾತಿ ಕೇಳುವ ಅಗತ್ಯವಿಲ್ಲ. ಅಂಗಳದಾಚೆ ನಿಲ್ಲಿಸಿದವರ ಹೆಸರು ಅದು. ಕುಶಲ ಎರಡನೆಯ ದಿನವೇ ನನ್ನ ಹತ್ತಿರ ಬಂದ.

"ದಯಣ್ಣ, ನನಗೆ ಬೇರೆ ಚಾಪೆ ಬೇಕು."

"ಯಾಕೆ? ಇದರಲ್ಲಿ ತಿಗಣೆ ಉಂಟಾ?"

"ಅದಲ್ಲ. ನಿಮಗೆ ಗೊತ್ತುಂಟಲ್ಲ."

"ನನಗೆ ಗೊತ್ತಿಲ್ಲ. ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಹೇಳು."

ಅವನು ಟ್ರಂಕು ಎತ್ತಿಕೊಂಡು ಹೋಗಿ ಎರಡು ದಿನ ಡೊಂಬಿವಲಿ ಪ್ಲ್ಯಾಟ್‌ಫಾರಂ ಬೆಂಚಿನಲ್ಲಿ ಮಲಗಿದ. ಪೊಲೀಸರು ಲಾಠಿಯಲ್ಲಿ ತಿವಿದು ಎಬ್ಬಿಸಿದ ಮೇಲೆ ಮೂರನೆಯ ದಿನ ವಾಪಸು. ಚನಿಯ ಚಾಪೆ ಕೊಡವಿ ಅವನಿಗೆ ಬಿಟ್ಟುಕೊಟ್ಟ. "ಪ್ಲ್ಯಾಟ್‌ಫಾರಮ್ಮಿನಲ್ಲಿ ಯಾರ್ಯಾರು ಮಲಗಿದ್ರು ಅಂತ ಕೇಳಿಕೊಂಡಿಯಾ?" ಎಂದು ಒಂದೇ ಮಾತು. ಆಮೇಲೆ ನಾಲ್ಕು ವರ್ಷ ಇಬ್ಬರೂ ಅದೇ ಚಾಪೆಯಲ್ಲಿ ಮಲಗಿದರು. ಕುಶಲ ಅದೇ ಚಾಪೆಯನ್ನು ಬಲ್ಬಿನ ಕೆಳಗೆ ಎಳೆದುಕೊಂಡು ಕೂತು ಹತ್ತನೆಯದು ಪಾಸು ಮಾಡಿದ. ಅವನು ಹೊತ್ತೇರುವ ತನಕ ಎದ್ದು ಕೂತು ಓದುತ್ತಿದ್ದುದರಿಂದ ಚನಿಯ ಆ ಮೂರು ತಿಂಗಳೂ ಚಾಳಿನ ಜಗಲಿಯಲ್ಲಿ ಗೋಣಿ ಹಾಸಿ ಮಲಗಿದ.

ಎಂಬತ್ತೇಳರಲ್ಲಿ ಮುಷ್ಕರ ಮಾಡಿದೆವು, ಸೋತೆವು. ಚನಿಯನ ಕೆಲಸ ಹೋಯಿತು, ನನ್ನ ಭಾಷಣ ಉಳಿಯಿತು. ಅವನು ಅದನ್ನು ಈವರೆಗೆ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿ ಇಲ್ಲಿ ದುಡಿದು, ಎರಡು ಸಾವಿರದ ಇಸವಿಯಲ್ಲಿ ಖಾರಘರದ ಕಾಲೇಜೊಂದರ ಕ್ಯಾಂಟೀನಿಗೆ ಸೇರಿದ. ಆಗ ಖಾರಘರವೆಂದರೆ ಗುಡ್ಡದ ಬುಡದಲ್ಲಿ ಸಿಮೆಂಟಿನ ಅಸ್ಥಿಪಂಜರಗಳು. ಚೆಂಬೂರು, ಘಾಟ್ಕೋಪರಿನವರು ಫ್ಲ್ಯಾಟು ಕೊಂಡು ಬೀಗ ಹಾಕಿ ಹೋಗಿದ್ದರು; ಬಾಡಿಗೆಗೆ ಬರುವ ಜನರೇ ಇಲ್ಲ. ಲಾತೂರು, ಸಾಂಗ್ಲಿ, ನಾಂದೇಡಿನಿಂದ ಬಂದ ಹುಡುಗರು ಹುಡುಗಿಯರು ಪೆಟ್ಟಿಗೆ ಹಿಡಿದು ಮೊದಲು ಬರುತ್ತಿದ್ದುದು ಕ್ಯಾಂಟೀನಿಗೆ. ಚಹಾ ಕುಡಿದು ಕೇಳುತ್ತಿದ್ದರು, "ಅಣ್ಣಾ, ರೂಮ್ ಹೈ ಕ್ಯಾ?" ಚನಿಯನ ಮಸಾಲೆ ಡಬ್ಬಗಳ ಮೇಲಿನ ಮೊಳೆಯಲ್ಲಿ ಸದಾ ಹತ್ತು ಹನ್ನೆರಡು ಬೀಗದ ಕೈ ನೇತಾಡುತ್ತಿದ್ದವು. ಮಾಲಕರು ನಂಬಿ ಬಿಟ್ಟುಹೋದವು. ಮಧ್ಯಾಹ್ನದ ಊಟದ ಗದ್ದಲ ಮುಗಿದದ್ದೇ ಕೈ ಒರೆಸಿಕೊಂಡು, ಹುಡುಗರನ್ನು ಕರೆದುಕೊಂಡು ಹೋಗಿ, ನೆಲ ಅಳೆದು, "ನಿಮಗೆ ನಾಲ್ಕು ಜನಕ್ಕೆ ಧಾರಾಳ" ಎಂದು ಕೂರಿಸಿ ಬರುತ್ತಿದ್ದ. ದಲಾಲಿ ತೆಗೆದುಕೊಂಡವನಲ್ಲ. ಹದಿನೆಂಟು ವರ್ಷದಲ್ಲಿ ಇನ್ನೂರು ಮುನ್ನೂರು ಮಕ್ಕಳಿಗೆ ತಲೆಯ ಮೇಲೊಂದು ಸೂರು ಹುಡುಕಿಕೊಟ್ಟಿರಬೇಕು.

ಅವನೇ ರಿಟೈರಾದಾಗ ಖಾರಘರದಲ್ಲಿ ಅವನ ದುಡ್ಡಿಗೆ ಬರುತ್ತಿದ್ದುದು ಬರೀ ಬಚ್ಚಲುಮನೆ. ಹಾಗಾಗಿ ಕಲ್ಯಾಣದಾಚೆ ಟಿಟ್ವಾಳಾದಲ್ಲಿ ಒಂದು ಕೋಣೆಯ ಮನೆ ಕೊಂಡ. ಮಗಳು ವಿಮಲಾ, ಅವಳ ಮಗಳು ಪ್ರೇಕ್ಷಾ, ಅವನು. ಗಣಪತಿ ಗುಡಿಯ ಹಿಂದಿನ ರಸ್ತೆ, ನಾಲ್ಕು ಚಾಪೆ. "ಸ್ವಂತದ್ದು" ಎಂದು ನನಗೆ ತೋರಿಸುವಾಗ ಮಾತ್ರ ಅವನ ದನಿ ಸ್ವಲ್ಪ ಏರಿತ್ತು.

ಕಳೆದ ವರ್ಷ ಪ್ರೇಕ್ಷಾಳಿಗೆ ಲ್ಯಾಬ್ ಟೆಕ್ನಾಲಜಿ ಡಿಗ್ರಿಗೆ ಸೀಟು ಸಿಕ್ಕಿತು. ಸಿಕ್ಕಿದ್ದು ಅಜ್ಜ ಚಹಾ ಕಾಸಿದ ಅದೇ ಕಾಲೇಜಿನಲ್ಲಿ. ಚನಿಯ ಬೀದಿಗೆಲ್ಲ ಪೇಡಾ ಹಂಚಿದ. ಪ್ರಾಕ್ಟಿಕಲ್ಲು ಬೆಳಿಗ್ಗೆ ಏಳೂವರೆಗೆ ಎಂದು ಆಮೇಲೆ ತಿಳಿಯಿತು. ಟಿಟ್ವಾಳಾದಿಂದ ಠಾಣೆ, ಅಲ್ಲಿ ಇಳಿದು ಪನವೇಲಿನ ಗಾಡಿ, ಖಾರಘರದಲ್ಲಿ ಇಳಿದು ಶೇರ್ ರಿಕ್ಷಾ. ನಾಲ್ಕೂವರೆಗೆ ಮನೆ ಬಿಡಬೇಕು. ಹಾಸ್ಟೆಲು ಭರ್ತಿ. ಒಂದೂವರೆ ತಿಂಗಳಲ್ಲಿ ಹುಡುಗಿಯ ಕಣ್ಣ ಕೆಳಗೆ ಕಪ್ಪು. ಗಾಡಿಯಲ್ಲಿ ನಿದ್ದೆಹೋಗಿ ಮೂರು ಸಲ ಪನವೇಲಿನಲ್ಲಿ ಎಚ್ಚರಾದಳು. ಕೊನೆಗೆ ಕಾಲೇಜಿನವರು ಬರೆದು ಕೊಟ್ಟರು: ದೀಪಾವಳಿಯೊಳಗೆ ಹಾಜರಿ ನೂರಕ್ಕೆ ಎಪ್ಪತ್ತೈದು ಆಗದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ.

ಪ್ರೇಕ್ಷಾ ತುಳು, ಕನ್ನಡ ಎರಡೂ ಅರ್ಥ ಮಾಡಿಕೊಳ್ಳುತ್ತಾಳೆ. ಉತ್ತರ ಮಾತ್ರ ಹಿಂದಿಯಲ್ಲಿ. "ಅಜ್ಜ, ಮೈಂ ಛೋಡ್ ದೇತೀ ಹೂಂ," ಎಂದಳಂತೆ, ಬಿಟ್ಟುಬಿಡ್ತೇನೆ. "ಕಲ್ಯಾಣದ ಮಾಲ್‌ನಲ್ಲಿ ಬಟ್ಟೆ ಅಂಗಡಿಗೆ ಹುಡುಗಿಯರು ಬೇಕಂತೆ."

ಮರುದಿನ ಚನಿಯ ನನಗೆ ಫೋನು ಮಾಡಿದ. "ನೀನು ಮೂವತ್ತು ವರ್ಷ ಮನೆ ಎಲ್ಲರ ಹಕ್ಕು ಅಂತ ಬೊಬ್ಬೆ ಹೊಡೆದವ ಅಲ್ವಾ ಮಾರಾಯ? ಬಾ, ಒಂದು ಹಾಸಿಗೆ ಹುಡುಕುವ."

ಹುಡುಕಿದೆವು. ಈಗ ಖಾರಘರದಲ್ಲಿ ಮನೆ ಸಿಗುವುದಿಲ್ಲ, 'ಬೆಡ್' ಸಿಗುತ್ತದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಂಟು ಮಂಚ, ತಲೆಗೆ ಒಂಬತ್ತು ಸಾವಿರ, ಊಟ ಬೇರೆ. ವಿಮಲಾ ಅಂಬರನಾಥದ ಪ್ಯಾಕಿಂಗ್ ಕಾರ್ಖಾನೆಯಲ್ಲಿ ತಿಂಗಳಿಗೆ ಹನ್ನೊಂದು ಸಾವಿರ ತರುತ್ತಾಳೆ. ಚನಿಯನ ಹಳೆಯ ಮಾಲಕರಲ್ಲಿ ಕೆಲವರು ಸತ್ತಿದ್ದರು, ಬದುಕಿದ್ದವರ ಮಕ್ಕಳು "ಆ್ಯಪ್‌ನಲ್ಲಿ ನೋಡಿ ಅಂಕಲ್" ಎಂದರು. ಒಬ್ಬ ದಲಾಲ ಹೆಸರು ಕೇಳಿ, ಅಡ್ಡಹೆಸರು ಕೇಳಿ, ಅಡ್ಡಹೆಸರಿಲ್ಲ ಎಂದಾಗ ಮೀನು ತಿನ್ನುತ್ತೀರಾ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಚನಿಯ, "ಸಿಕ್ಕಿದ್ರೆ ದಿನಾ ತಿಂತೇವೆ," ಎಂದು ನನ್ನ ಕೈ ಹಿಡಿದು ಮೆಟ್ಟಿಲಿಳಿಸಿದ.

ಅಷ್ಟರಲ್ಲಿ ಪ್ರೇಕ್ಷಾಳ ತರಗತಿಯ ತೃಷಾ, ಸೋನಾಲಿ ಎಂಬ ಹುಡುಗಿಯರಿಬ್ಬರು ತಾವೇ ಒಂದು ಮನೆ ಕಂಡುಹಿಡಿದರು. ಏಳನೆಯ ಮಾಳಿಗೆ, ಒಂದು ಕೋಣೆ, ಒಂದು ಹಾಲು, ಅಡುಗೆಮನೆ. ಮೂವರಾದರೆ ತಲಾ ಐದು ಸಾವಿರ. ಚನಿಯ ಊರೂರು ತಿರುಗಿ ಹಪ್ಪಳ ಮಾರಿಯಾದರೂ ಅಷ್ಟು ಹೊಂದಿಸುತ್ತೇನೆಂದ. ಮಾಲಕರು ರಿಟೈರಾದ ಬ್ಯಾಂಕ್ ಅಧಿಕಾರಿ, ಮರಾಠಿಯವರು, ಮರ್ಯಾದಸ್ಥರು. ಹನ್ನೊಂದು ತಿಂಗಳ ಕರಾರು, ಪೊಲೀಸ್ ವೆರಿಫಿಕೇಶನ್ನು, ಎಲ್ಲದಕ್ಕೂ ತಯಾರಿದ್ದರು. ಮನೆಯ ಹಿರಿಯರೊಬ್ಬರು ಬಂದು ನೋಡಿಹೋಗಲಿ ಎಂದದ್ದಷ್ಟೇ.

ಹಿರಿಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಹಾಲಿಗೆ ಕಾಲಿಟ್ಟ. ಗೋಡೆಗೆ ಬೆನ್ನು ಹಚ್ಚಿದ. ಅವನ ಮುಖ ಅರಳಿದ್ದು ಕಂಡೇ ಏನು ಹೇಳಲಿದ್ದಾನೆಂದು ನನಗೆ ಗೊತ್ತಾಯಿತು. ತಡೆಯುವಷ್ಟು ಹೊತ್ತು ಸಿಗಲಿಲ್ಲ.

"ಬಹುತ್ ಬಡಾ ಹೈ ಸಾಬ್!" ಎಂದ. "ಆರಾಮ್ ಸೇ ಗ್ಯಾರಾ ಆದ್ಮೀ ಸೋಯೇಗಾ!"

ಹನ್ನೊಂದು ಜನ ಆರಾಮವಾಗಿ ಮಲಗಬಹುದು! ಹೊಗಳಿಕೆ ಅದು. ಅವನಿಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆ. ಮಾಲಕರಿಗೆ ಅರ್ಥವಾಗಲಿಲ್ಲವೆಂದು ತಿಳಿದು, ಬಿಳಿ ಅಂಗಿಯಲ್ಲೇ ಟೈಲ್ಸಿನ ಮೇಲೆ ಉದ್ದಕ್ಕೆ ಮಲಗಿ ತೋರಿಸಿದ. ಇಲ್ಲಿ ಆರು, ಆ ಕಡೆ ಐದು, ಅಡುಗೆಮನೆಯಲ್ಲಿ ಬೇಕಾದರೆ ಇನ್ನಿಬ್ಬರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾಕಾ, ಉಠಾ ಆಧೀ," ಎಂದರು ಮಾಲಕರು, ಮೊದಲು ಏಳಿ. ಸಂಜೆ ಸೋನಾಲಿಯ ಫೋನಿಗೆ ಸಂದೇಶ ಬಂತು: ಸೊಸೈಟಿಯ ಒಪ್ಪಿಗೆಯಿಲ್ಲ. ನಾಲ್ಕು ದಿನದ ಮೇಲೆ ಅದೇ ಮನೆ ತೃಷಾ, ಸೋನಾಲಿಗೇ ಸಿಕ್ಕಿತು. ಮೂರನೆಯವಳು ಬೇರೆ ಯಾರೋ.

ಮನೆ ನೋಡಿದ ದಿನ ವಾಪಸು ಹೋಗುವ ಗಾಡಿ ತುರ್ಭೆ ದಾಟಿತ್ತು. ಪ್ರೇಕ್ಷಾ ಕಿಟಕಿ ಕಡೆ ನೋಡುತ್ತಲೇ ಕೇಳಿದಳು, "ಗ್ಯಾರಾ ಕ್ಯೂಂ, ಅಜ್ಜ? ಬಾರಾ ಕ್ಯೂಂ ನಹೀಂ?" ಹನ್ನೆರಡು ಯಾಕಾಗಬಾರದು?

"ಹನ್ನೆರಡನೆಯದಕ್ಕೆ ಬಾಗಿಲು ತಾಗ್ತದಲ್ಲ, ಮಗಾ," ಎಂದ ಚನಿಯ, ಗಂಭೀರವಾಗಿ. ಅವಳು ನಕ್ಕಳು. ನಗುತ್ತಲೇ ಓಢಣಿಯಲ್ಲಿ ಕಣ್ಣು ಒರೆಸಿಕೊಂಡಳು. ಚನಿಯ ತನ್ನ ಬಿಳಿ ಅಂಗಿಗೆ ಹತ್ತಿದ ಧೂಳು ನೋಡುತ್ತಾ ಕೂತ.

ಇನ್ನು ಉಳಿದದ್ದು ಕುಶಲ. ಅವನಿಗೆ ಈಗ ನವಿಮುಂಬಯಿಯಲ್ಲಿ ಎರಡು ಹೋಟೆಲು, ಖಾರಘರದಲ್ಲೇ ಮೂರು ಫ್ಲ್ಯಾಟು. ಚನಿಯನಿಗೆ ಕೇಳುವ ಮನಸ್ಸಿರಲಿಲ್ಲ. ನಾನು ಎಳೆದುಕೊಂಡು ಹೋದೆ, ಪ್ರೇಕ್ಷಾಳನ್ನೂ ಕರೆಸಿದೆ. ಕುಶಲ ಗಲ್ಲಾದಿಂದ ಎದ್ದು ಬಂದ. ಚನಿಯನ ಹೆಗಲ ಮೇಲೆ ಕೈಹಾಕಿ ಮ್ಯಾನೇಜರಿಗೆ, "ಇವರು ಯಾರು ಗೊತ್ತುಂಟಾ? ನಾವು ಒಂದೇ ಚಾಪೆಯವರು," ಎಂದ. ಪ್ಲ್ಯಾಟ್‌ಫಾರಮ್ಮಿನ ಎರಡು ದಿನ ಅವನ ನೆನಪಿನಿಂದ ಬಿದ್ದುಹೋದ ಹಾಗಿತ್ತು. ಮೂರು ಮಸಾಲೆ ದೋಸೆ ಬಂತು.

ವಿಷಯ ಕೇಳಿ ಅವನ ಕೈ ಹೆಗಲಿನಿಂದ ಇಳಿಯಿತು. "ಚನಿಯಣ್ಣ, ಮೂರೂ ಫ್ಲ್ಯಾಟು ಪಿಜಿ ನಡೆಸುವವರಿಗೆ ಕೊಟ್ಟಾಗಿದೆ, ಮೂರು ವರ್ಷಕ್ಕೆ. ಬೀಗದ ಕೈ ಕೂಡ ನನ್ನಲ್ಲಿಲ್ಲ, ದೇವರಾಣೆ." ಸುಳ್ಳಲ್ಲ ಅದು. ನಮ್ಮೆದುರೇ ಫೋನು ಮಾಡಿ ಮಾತಾಡಿದ. ಒಂಬತ್ತು ಸಾವಿರದ ಬೆಡ್ಡು ಎಂಟೂವರೆಗೆ ಬಂತು. "ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅವರು," ಎಂದು ಕೈ ಮುಗಿದ.

ನನ್ನ ಬಾಯಿಗೆ ಹಳೆಯ ಬೈಗುಳಗಳೆಲ್ಲ ಬಂದವು. ಚನಿಯ ದೋಸೆ ಪೂರ್ತಿ ತಿಂದು, ಕೈ ತೊಳೆದು ಬಂದು, ಕುಶಲನ ಕಿವಿಯ ಹತ್ತಿರ ಹೇಳಿದ, "ಹಿಟ್ಟಿಗೆ ಉದ್ದು ಕಡಿಮೆ ಆಗಿದೆ. ನಿನ್ನ ರುಬ್ಬುವವನಿಗೆ ಹೇಳು."

ಹೊರಗೆ ಬಂದು ಖಾರಘರ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ನಿಂತಿದ್ದೆವು. ಆಗ ಎದುರಿಗೆ ಜಲಜಾಕ್ಷಿ. ಕಾರ್ಕಳದ ಕಡೆಯವಳು, ಚನಿಯನ ಕ್ಯಾಂಟೀನಿನಲ್ಲಿ ಹದಿನಾಲ್ಕು ವರ್ಷ ಚಪಾತಿ ಲಟ್ಟಿಸಿದವಳು. ಈಗ ಸೀವುಡ್ಸ್‌ನಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರನ್ನು ರಾತ್ರಿ ನೋಡಿಕೊಳ್ಳುವ ಕೆಲಸ. ಸಂಜೆ ಏಳರ ಗಾಡಿಗೆ ಹೊರಟಿದ್ದಳು.

"ಎಂತ ಚನಿಯಣ್ಣ, ಶವಯಾತ್ರೆಯಿಂದ ಬಂದವರ ಹಾಗೆ ನಿಂತಿದ್ದೀರಿ ಮೂರು ಜನ?"

"ಎಂತ ಇಲ್ಲ. ಹೀಗೇ ಬಂದದ್ದು."

ಅವನು ಹೇಳುವುದಿಲ್ಲವೆಂದು ಗೊತ್ತಾಗಿ ನಾನೇ ಹೇಳಿದೆ. ಅವಳು ಚೀಲವನ್ನು ನೆಲಕ್ಕಿಟ್ಟು ಸೊಂಟಕ್ಕೆ ಕೈಕೊಟ್ಟಳು.

"ಎರಡು ವಾರದಿಂದ ಹುಡುಕುತ್ತಾ ಇದ್ದೀರಾ? ನಾನೇನು ಸತ್ತಿದ್ದೇನಾ? ಇಲ್ಲೇ ಬೇಲ್‌ಪಾಡಾದಲ್ಲಿ ನನ್ನ ರೂಮು ಉಂಟು, ಮಂಚ ಉಂಟು. ಸಂಜೆ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಅದರಲ್ಲಿ ನೊಣ ಮಲಗುದು. ಇವಳು ಮಲಗಲಿ. ಇವಳು ಕಾಲೇಜಿಗೆ ಹೋದ ಮೇಲೆ ನಾನು ಬಂದು ಬೀಳ್ತೇನೆ. ಎರಡು ಸಾವಿರ ಕೊಡಿ, ಸಾಕು. ಮನೆಯೊಡತಿ ಇಲ್ಲಿಯದೇ ಆಗ್ರಿ ಜನದವಳು, ಕೆಳಗೇ ಇರ್ತಾಳೆ. ಹುಡುಗಿಗೆ ಅದಕ್ಕಿಂತ ದೊಡ್ಡ ಕಾವಲು ಬೇಡ."

ಚನಿಯ ತಲೆ ಅಲ್ಲಾಡಿಸಿದ. "ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಇನ್ನೊಬ್ಬರು ಎದ್ದುಹೋದ ಹಾಸಿಗೆಯಲ್ಲಿ ಮಲಗಿ ನನಗೆ ಸಾಕಾಗಿದೆ. ವಿಮಲಾಳನ್ನು ಹಾಗೆ ಮಲಗಿಸಲಿಲ್ಲ ನಾನು. ಟಿಟ್ವಾಳಾದಷ್ಟು ದೂರ ಹೋದದ್ದೇ ಅದಕ್ಕೆ, ದಯಾನಂದ, ನಿನಗೆ ಗೊತ್ತಿಲ್ಲ. ದೂರ ಆದ್ರೆ ಆಗಲಿ, ಅವರವರ ಚಾಪೆ ಅವರವರಿಗೆ ಅಂತ. ಈಗ ಇವಳನ್ನು ತಂದು ಪುನಃ ಅಲ್ಲಿಗೇ ಹಾಕುದಾ?"

ನಲವತ್ತೈದು ವರ್ಷದ ಪರಿಚಯದಲ್ಲಿ ಅವನು ಆ ಚಾಪೆಯ ಬಗ್ಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ನಾನು ಆ ರೂಮನ್ನು ಎಷ್ಟು ಸಭೆಗಳಲ್ಲಿ, ಎಷ್ಟು ಹೆಮ್ಮೆಯಿಂದ ವರ್ಣಿಸಿದ್ದೆನೋ ಲೆಕ್ಕವಿಲ್ಲ. ಆ ಸಭೆಗಳಲ್ಲಿ ಅವನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ.

ಪ್ರೇಕ್ಷಾ ನಡುವೆ ಬಂದಳು. "ಅಜ್ಜ, ಆಪ್ ಕಿತ್ನೇ ಸಾಲ್ ಸೋಯೇ ಐಸೇ?" ಹಾಗೆ ಎಷ್ಟು ವರ್ಷ ಮಲಗಿದಿರಿ?

"ಹನ್ನೊಂದು."

"ಮರ್ ಗಯೇ ಕ್ಯಾ?" ಸತ್ತುಹೋದಿರಾ?

ಜಲಜಾಕ್ಷಿ ಕಿಸಕ್ಕೆಂದಳು. ಹುಡುಗಿ ನಗಲಿಲ್ಲ. ನಿಧಾನವಾಗಿ, ತಪ್ಪು ತಪ್ಪು ಕನ್ನಡದಲ್ಲಿ, ಪ್ರತಿ ಪದ ಹುಡುಕಿ ಹುಡುಕಿ ಹೇಳಿದಳು. "ನನಗೆ ಮಂಚ ಯಾರದ್ದು ಅಂತ ಬೇಡ ಅಜ್ಜ. ನನಗೆ ಆರು ಗಂಟೆವರೆಗೆ ನಿದ್ದೆ ಬೇಕು."

ಜಲಜಾಕ್ಷಿಯ ಗಾಡಿ ಬಂತು, ಹೋಯಿತು, ಅವಳು ಹತ್ತಲಿಲ್ಲ. ಆಮೇಲೆ ಚನಿಯ, "ಬೆಡ್‌ಶೀಟು ಬೇರೆ, ತಲೆದಿಂಬು ಬೇರೆ," ಎಂದ.

"ಆಯ್ತು ಮಾರ್ರೆ, ಬೇಕಾದ್ರೆ ಗಂಗಾಜಲ ಚಿಮುಕಿಸ್ತೇನೆ," ಎಂದು ಚೀಲ ಎತ್ತಿಕೊಂಡಳು ಜಲಜಾಕ್ಷಿ. ಆ ಮಾತಿಗೆ ಚನಿಯ ಸ್ಟೇಷನ್ನೇ ತಿರುಗಿ ನೋಡುವ ಹಾಗೆ ನಕ್ಕ. ತಾನು ಮಲಗಿದರೆ ಚಾಪೆ ಮೈಲಿಗೆ ಎಂದು ಒಬ್ಬ ಟ್ರಂಕು ಎತ್ತಿಕೊಂಡು ಹೋದದ್ದನ್ನು ಕಂಡವನು ಈಗ ಅದೇ ಕಟ್ಟಳೆ ಹಾಕುತ್ತಾ ನಿಂತದ್ದು ಅವನಿಗೇ ಹೊಳೆದಿರಬೇಕು.

ಮುಂದಿನ ಸೋಮವಾರವೇ ಪ್ರೇಕ್ಷಾ ಬೇಲ್‌ಪಾಡಾಕ್ಕೆ ಬಂದಳು. ದೀಪಾವಳಿಗೆ ಹಾಜರಿ ಎಪ್ಪತ್ತಾರಕ್ಕೆ ನಿಂತಿತು. ಒಂದು ದಿನದ ಅಂತರ, ಅಷ್ಟೇ. ಹಾಲ್ ಟಿಕೆಟ್ ಕೈಗೆ ಬಂತು.

ಡಿಸೆಂಬರಿನಲ್ಲಿ ಪರೀಕ್ಷೆಗೆ ಓದಲು ರಜೆ ಕೊಟ್ಟಾಗ ನಾವಿಬ್ಬರೂ ಹೋದೆವು, ಬೆಳಿಗ್ಗೆ ಹನ್ನೊಂದರ ಹೊತ್ತು. ಕಡಿದಾದ ಕಬ್ಬಿಣದ ಮೆಟ್ಟಿಲು, ತಗಡಿನ ಬಾಗಿಲು. ಜಲಜಾಕ್ಷಿ ರಾತ್ರಿ ಪಾಳಿ ಮುಗಿಸಿ ಬಂದು, ಕಣ್ಣ ಮೇಲೆ ಟವೆಲು ಹಾಕಿಕೊಂಡು ಮಂಚದಲ್ಲಿ ಮಲಗಿದ್ದಳು. ಪ್ರೇಕ್ಷಾ ನೆಲದ ಮೇಲೆ ಪುಸ್ತಕ ಹರಡಿಕೊಂಡಿದ್ದಳು. ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಒಳಗೆ ಕರೆದಳು. ಚನಿಯ ಗೋಡೆಗೆ ಬೆನ್ನು ಹಚ್ಚಿದ.

"ಮೂರು," ಎಂದ ಪಿಸುಮಾತಿನಲ್ಲಿ.

"ದೋ," ಎಂದಳು ಪ್ರೇಕ್ಷಾ, ಅಷ್ಟೇ ಮೆಲ್ಲಗೆ. ಮೂರನೆಯದರ ಜಾಗಕ್ಕೆ ಟೇಬಲ್ಲು ಬರುತ್ತದಂತೆ. ಕೆಳಗಿನ ಮನೆಯೊಡತಿ ತನ್ನ ಮಗನ ಹಳೆಯ ಟೇಬಲ್ಲು ಕೊಟ್ಟಿದ್ದಳು. ಜಗಲಿಯಲ್ಲಿ ಕಾಲು ಮೇಲೆ ಮಾಡಿ ಇಟ್ಟಿತ್ತು.

ನಾವಿಬ್ಬರು ಮುದುಕರು ಅದನ್ನು ಸದ್ದಾಗದಂತೆ ಎತ್ತಿ ತಂದೆವು. ಅವಳು ಕಿಟಕಿಯ ಹತ್ತಿರ ಇಡಿ ಎಂದು ಕೈಸನ್ನೆ ಮಾಡಿದಳು. ಚನಿಯ ಕೇಳಲಿಲ್ಲ. ತಲೆಯೆತ್ತಿ ಸೂರು ನೋಡಿ, ಟೇಬಲ್ಲನ್ನು ಒಂದು ಗೇಣು ಈಚೆ ಎಳೆದ, ಮತ್ತೆ ನೋಡಿ ನಾಲ್ಕು ಬೆರಳು ಆಚೆ ನೂಕಿದ. ಬಲ್ಬಿನ ನೇರ ಕೆಳಗೆ ಬರುವ ತನಕ ಬಿಡಲಿಲ್ಲ.

"ಇನ್ನೂ ಸ್ವಲ್ಪ ಆಚೆ ತಳ್ಳಿ, ಚನಿಯಣ್ಣ," ಎಂದಳು ಜಲಜಾಕ್ಷಿ, ಟವೆಲು ತೆಗೆಯದೆ. "ನನ್ನ ಕಾಲಿಗೆ ತಾಗ್ತದೆ."

"ಬೇಕಾದ್ರೆ ಕಾಲು ಮಡಚಿಕೋ," ಎಂದ ಚನಿಯ. "ಹುಡುಗಿಗೆ ಪರೀಕ್ಷೆ ಉಂಟು."